ಬಂಟ್ವಾಳ ಸುಮ್ಮನೆ ಗೆಲ್ಲಬಾರದು

ಬಂಟ್ವಾಳ ಏಳನೆಯ ಸಲವೂ ಗೆದ್ದಾಗ ಸಾತ್ವಿಕಾ ಬೋರ್ಡನ್ನು ಮಡಚಿ ಅದರ ಮೇಲೆಯೇ ಕುಳಿತುಬಿಟ್ಟಳು.

"ಏಳು ಮಾರಾಯ್ತಿ, ಮಂಜೊಟ್ಟಿ ಕಾಳೆಲ್ಲ ನಿನ್ನ ಅಡಿಗೆ ಬಿದ್ದಿದೆ," ಎಂದೆ.

"ಬೀಳಲಿ. ಜಸ್ನಾ, ಇದು ಆಟ ಅಲ್ಲ. ಇದು ಬಂಟ್ವಾಳದವರಿಗೆ ಸನ್ಮಾನ ಸಮಾರಂಭ. ಶಾಲು ಹೊದಿಸುದು ಒಂದು ಬಾಕಿ."

ನಾನು ನರಿಕೊಂಬಿನವಳು, ಅಂದರೆ ಬಂಟ್ವಾಳದವಳೇ. ಹಾಗಾಗಿ ನನಗೆ ಇದರಲ್ಲಿ ಸ್ವಲ್ಪ ಸಂತೋಷವೂ ಇತ್ತು. ಆದರೆ ಅದನ್ನು ತೋರಿಸಿಕೊಳ್ಳುವ ದಿನ ಅದಾಗಿರಲಿಲ್ಲ.

ಅದು 2006. ನಾವಿಬ್ಬರೂ ಮೂಡುಬಿದಿರೆಯಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೆವು. ಕೊನೆಯ ವರ್ಷದವರು ಒಂದು ಪ್ರಾಜೆಕ್ಟ್ ಮಾಡಲೇಬೇಕು. ನಮ್ಮ ಕ್ಲಾಸಿನಲ್ಲಿ ಒಂಬತ್ತು ತಂಡಗಳು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದು ಬರೆದುಕೊಟ್ಟಿದ್ದವು. ಯಾರು ಯಾವ ಪುಸ್ತಕ ತೆಗೆದುಕೊಂಡರು, ಯಾವಾಗ ತಂದುಕೊಟ್ಟರು, ಇಷ್ಟೇ. ಹಿಂದಿನ ವರ್ಷದವರದ್ದನ್ನು ತಂದು ಹೆಸರು ಬದಲಾಯಿಸಿದರೆ ಮುಗಿಯಿತು. ನಾವು ಮಾತ್ರ ಒಂದು ಆಟ ಮಾಡುತ್ತೇವೆ ಎಂದು ಬರೆದುಕೊಟ್ಟೆವು.

ಆಟಕ್ಕೆ ಒಂದು ಲೋಕ ಬೇಕಲ್ಲ, ಅದನ್ನು ನಾನು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಬರೆಯುತ್ತಿದ್ದೆ. ಫೋನು ಬಾಪ, ಅಂದರೆ ನನ್ನ ಅಪ್ಪ, ಗಲ್ಫಿನ ದಮಾಮಿನಿಂದ ತಂದದ್ದು. ಡ್ರಾಫ್ಟಿನಲ್ಲಿ ಹತ್ತು ಮೆಸೇಜಿಗೆ ಮಾತ್ರ ಜಾಗ. ಹನ್ನೊಂದನೆಯದು ಬರೆಯಬೇಕಾದರೆ ಮೊದಲಿನದನ್ನು ಸಾತ್ವಿಕಾಳಿಗೆ ಕಳಿಸಿ ಅಳಿಸಬೇಕು. ಹೀಗಾಗಿ ನಮ್ಮ ಲೋಕದ ಅರ್ಧ ಅವಳ ಫೋನಿನಲ್ಲಿ, ಅರ್ಧ ನನ್ನದರಲ್ಲಿ.

ಆ ಲೋಕದಲ್ಲಿ 1896ರಲ್ಲಿ ಒಂದು ಧೂಮಕೇತು ಒಡೆದು ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ನೀರು ಎದ್ದು ಮಂಗಳೂರನ್ನು ಮುಳುಗಿಸಿ, ನೇತ್ರಾವತಿಯ ದಾರಿಯಲ್ಲೇ ಒಳಗೆ ಬಂದು ನಮ್ಮ ನರಿಕೊಂಬಿನಲ್ಲಿ ನಿಲ್ಲುತ್ತದೆ. ಹಿಂದೆ ಹೋಗುವುದಿಲ್ಲ. ನರಿಕೊಂಬು ಬಂದರಾಗುತ್ತದೆ. ಒಂಬತ್ತು ವರ್ಷ ಆಕಾಶದಲ್ಲಿ ಬೂದಿ, ಮಧ್ಯಾಹ್ನವೂ ಮುಸ್ಸಂಜೆಯ ಹಾಗೆ. ಕಲ್ಲಿದ್ದಲಿನ ಹಡಗು ಬರುವುದು ನಿಂತುಹೋಗುತ್ತದೆ. ಗಲ್ಫಿನ ಮರಳು ಸಮುದ್ರದ ಅಡಿಗೆ ಹೋದದ್ದರಿಂದ ಪೆಟ್ರೋಲ್ ಎಂಬುದೊಂದು ಉಂಟೆಂದು ನಮ್ಮ ಕಡೆ ಯಾರಿಗೂ ಗೊತ್ತಾಗುವುದೇ ಇಲ್ಲ. ಎಲ್ಲವೂ ಹಬೆಯಿಂದಲೇ ನಡೆಯಬೇಕು. ಬಸ್ಸಿನ ತಲೆಯ ಮೇಲೆ ಚಿಮಣಿ. ಘಟ್ಟ ಹತ್ತಲು ಹಬೆಯಿಂದ ಎಳೆಯುವ ಹಗ್ಗದ ತೊಟ್ಟಿಲು.

ಉಳಿದದ್ದು ಮೂರು ಪಟ್ಟಣ. ಬೆಳ್ತಂಗಡಿಗೆ ಘಟ್ಟದ ಕಬ್ಬಿಣ. ಮೂಡುಬಿದಿರೆಗೆ ಹದಿನೆಂಟು ಕೆರೆಗಳ ನೀರು. ಬಂಟ್ವಾಳಕ್ಕೆ ಅಕ್ಕಿ ಮಿಲ್ಲುಗಳ ಉಮಿ. ಹೊಸ ಕಡಲತೀರದಲ್ಲಿ ಒಂಬತ್ತು ದೀಪಗೋಪುರ ಮೊದಲು ಕಟ್ಟಿ ಉರಿಸಿದವರು ಗೆದ್ದರು. ಕೆಂಪು ಮಂಜೊಟ್ಟಿ ಕಾಳು ಬೆಂಕಿ, ಭತ್ತದ ಕಾಳು ಉಮಿ, ಉಮ್ಮನ ಹೊಲಿಗೆ ಡಬ್ಬದ ನೀಲಿ ಬಟನ್ ನೀರು, ಕಪ್ಪು ಬಟನ್ ಕಬ್ಬಿಣ. ಮೊದಲು ಹೀಗೆ ಬೋರ್ಡಿನಲ್ಲಿ ಆಡಿ ಸರಿಯಾದರೆ ಆಮೇಲೆ ಕಂಪ್ಯೂಟರಿಗೆ.

ತೊಂದರೆ ಒಂದೇ. ಉಮಿ ಇದ್ದವನಿಗೆ ಬೆಂಕಿ, ಬೆಂಕಿ ಇದ್ದವನಿಗೆ ಹಬೆ, ಹಬೆ ಇದ್ದವನಿಗೆ ಗೋಪುರ. ಕಬ್ಬಿಣವನ್ನು ಉಮಿ ಕೊಟ್ಟು ತರಬಹುದು. ಕೆರೆಯ ನೀರು ಯಾರಿಗೂ ಬೇಡ.

ನಮ್ಮ ಶಶಿಪ್ರಭಾ ಮೇಡಂ ಇದನ್ನು ಸೋಮವಾರ ಐದೇ ನಿಮಿಷದಲ್ಲಿ ಕಂಡುಹಿಡಿದರು. ಪ್ರಾಜೆಕ್ಟಿನ ಫಾರ್ಮಿಗೆ ಸೈನ್ ಹಾಕಬೇಕಾದವರು ಅವರೇ.

"ಕಥೆ ಚೆಂದ ಉಂಟು. ಆದ್ರೆ ಶುಕ್ರವಾರ ಮೂರನೇ ಪೀರಿಯಡಿಗೆ ನಾನೇ ಆಡ್ತೇನೆ. ಬಂಟ್ವಾಳ ನನಗೆ. ಏನೂ ಯೋಚನೆ ಮಾಡದೆ ಸುಮ್ಮನೆ ಆಡ್ತೇನೆ. ಹಾಗೆ ಆಡಿಯೂ ನಾನು ಗೆದ್ರೆ ನೀವು ಲೈಬ್ರರಿ ಮಾಡಿ. ಆಯ್ತಾ?"

"ಆಯ್ತು ಮೇಡಂ," ಎಂದು ನಾನು ಎಷ್ಟು ಬೇಗ ಹೇಳಿದೆನೆಂದರೆ, ಸಾತ್ವಿಕಾ ಮೇಜಿನ ಅಡಿಯಲ್ಲಿ ನನ್ನ ಕಾಲು ತುಳಿದಳು.

ಮಂಗಳವಾರ ಏಳು ಸಲ ಆಡಿದೆವು, ಏಳು ಸಲವೂ ಬಂಟ್ವಾಳ. ಬೋರ್ಡಿನ ಮೇಲೆ ಕುಳಿತಿದ್ದ ಸಾತ್ವಿಕಾ ಕೊನೆಗೆ ಎದ್ದಳು.

"ನೀನು ಜನ್ಮದಲ್ಲಿ ಬಾಯ್ಲರ್ ನೋಡಿದ್ದೀಯಾ?"

"ಇಲ್ಲ."

"ಅದಕ್ಕೇ. ನಾಳೆ ಮಧ್ಯಾಹ್ನ ಮೇಲೆ ಕ್ಲಾಸಿಲ್ಲ. ನಮ್ಮ ಮಿಲ್ಲಿಗೆ ಹೋಗುವ."

ಸಾತ್ವಿಕಾಳ ಅಪ್ಪ ಲೋಕನಾಥಣ್ಣನಿಗೆ ಪುಂಜಾಲಕಟ್ಟೆಯಲ್ಲಿ ಕುಚ್ಚಲಕ್ಕಿ ಮಿಲ್ಲಿದೆ. ಭತ್ತವನ್ನು ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು. ಆ ಹಬೆಗಾಗಿ ಹಿಂದಿನ ಶೆಡ್ಡಿನಲ್ಲಿ ಬಾಯ್ಲರು, ಬಾಯ್ಲರಿಗೆ ಅದೇ ಮಿಲ್ಲಿನ ಉಮಿ. ನಾನು ಎರಡು ತಿಂಗಳಿನಿಂದ ಬಸ್ಸಿನಲ್ಲಿ ಕುಳಿತು ಕಲ್ಪಿಸುತ್ತಿದ್ದ ಯಂತ್ರ ನಾನು ದಿನಾ ಉಣ್ಣುವ ಅನ್ನದ ಹಿಂದೆಯೇ ಇತ್ತು.

ಬಾಯ್ಲರ್ ನೋಡಿಕೊಳ್ಳುವವರು ಹುಕ್ರಪ್ಪಣ್ಣ. ಮೂವತ್ತೊಂದು ವರ್ಷದ ಸರ್ವಿಸು. ಮಾತೆಲ್ಲ ತುಳುವಿನಲ್ಲೇ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಾತ್ವಿಕಾ ಅವರಿಗೆ ಸಣ್ಣಕ್ಕ.

"ಬಾ ಮಗಳೇ. ಸಣ್ಣಕ್ಕ ಹೇಳಿದ್ದಾರೆ, ನೀನು ಕಾಗದದಲ್ಲಿ ಬಾಯ್ಲರ್ ಓಡಿಸ್ತೀ ಅಂತ. ನಮ್ಮದು ಕಬ್ಬಿಣದ್ದು, ಕೈ ಇಡಬೇಡ."

ಶೆಡ್ಡಿನಲ್ಲಿ ಬೆಂದ ಭತ್ತದ ವಾಸನೆ. ಬಾಯ್ಲರು ಎರಡಾಳು ಎತ್ತರವಿತ್ತು. ಎದೆಯಲ್ಲಿ ಒತ್ತಡ ತೋರಿಸುವ ಮುಳ್ಳಿನ ಮೀಟರು, ಪಕ್ಕದಲ್ಲಿ ಒಂದು ಗೇಣುದ್ದದ ಗಾಜಿನ ಕೊಳವೆ. ನಾನು ಮುಳ್ಳನ್ನೇ ನೋಡುತ್ತಿದ್ದೆ.

"ಅದನ್ನಲ್ಲ, ಇದನ್ನು ನೋಡು," ಎಂದು ಅವರು ಕೊಳವೆ ತೋರಿಸಿದರು. "ಇದು ನೀರಿನ ಗ್ಲಾಸು. ಒಳಗೆ ನೀರು ಎಷ್ಟುಂಟೋ ಇದರಲ್ಲಿಯೂ ಅಷ್ಟೇ. ಬೆಂಕಿ ಯಾವ ಮಂಗನಿಗೂ ಹಾಕ್ಲಿಕ್ಕಾಗ್ತದೆ. ಗ್ಲಾಸು ನೋಡ್ಲಿಕ್ಕೆ ಜನ ಬೇಕು."

"ಗಂಟೆಗೆ ಎಷ್ಟು ಸಲ ನೋಡ್ಬೇಕು?"

"ಗಂಟೆ ಯಾರಿಗೆ ಗೊತ್ತು? ಬಸ್ಸು ಹಾರ್ನ್ ಹಾಕಿದಾಗ ನೋಡುದು."

ನನಗೆ ನಗು ಬಂತು. ಅವರು ನಗಲಿಲ್ಲ. ಮಿಲ್ಲಿನ ಎದುರು ಕುರುಡು ತಿರುವಿದೆ. ಅಲ್ಲಿ ಪ್ರತಿ ಬಸ್ಸೂ ಹಾರ್ನ್ ಹಾಕಲೇಬೇಕು. ನಮ್ಮ ಕಡೆಯ ಖಾಸಗಿ ಬಸ್ಸುಗಳು ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನ ಕಂಡಕ್ಟರ್ ಸ್ಟ್ಯಾಂಡಿನಲ್ಲಿ ಇಳಿದು ಜಗಳಕ್ಕೆ ಬರುತ್ತಾನೆ. ಹಾಗಾಗಿ ಅವಕ್ಕಿಂತ ಸರಿಯಾದ ಗಡಿಯಾರ ಇಲ್ಲ. ಹಾರ್ನ್ ಕೇಳಿದ ಕೂಡಲೇ ಹುಕ್ರಪ್ಪಣ್ಣ ಎದ್ದು ಗ್ಲಾಸು ನೋಡಿ ನೀರಿನ ವಾಲ್ವ್ ತಿರುಗಿಸುತ್ತಾರೆ. ಮೂವತ್ತೊಂದು ವರ್ಷ ಹಾಗೆಯೇ ನಡೆದಿದೆ.

ಗೋಣಿಯ ಅಟ್ಟಿಯ ಮೇಲೆ ಬೋರ್ಡ್ ಹರಡಿದೆವು. ಹುಕ್ರಪ್ಪಣ್ಣನಿಗೆ ಮೂಡುಬಿದಿರೆ ಕೊಟ್ಟೆವು. ಮೊದಲು "ಇದೆಲ್ಲ ಮಕ್ಕಳಾಟ" ಎಂದರು. ಎರಡು ಗೋಪುರ ಕಟ್ಟಿದ ಮೇಲೆ ಅವರ ಸ್ವರ ಬದಲಾಯಿತು.

"ಸಣ್ಣಕ್ಕ, ನೀವು ಧನಿಗಳ ಮಗಳು ಅಂತ ನಾನು ಬಿಡ್ಲಿಕ್ಕಿಲ್ಲ. ಆ ಕಬ್ಬಿಣ ಇಲ್ಲಿಡಿ."

"ಕೊಡುದಿಲ್ಲ."

"ಕೊಡದಿದ್ರೆ ಸಂಜೆ ನಿಮ್ಮ ಅಪ್ಪನಿಗೆ ಹೇಳ್ತೇನೆ, ಕಾಲೇಜಿಗೆ ಹೋಗಿ ಭತ್ತದ ಕಾಳು ಲೆಕ್ಕ ಮಾಡ್ತಿದ್ದಾಳೆ ಅಂತ."

ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ನನಗೆ ಒಂದೇ ಕಡೆ ಕುಳಿತು ಅಭ್ಯಾಸವಿಲ್ಲ. ಅವರಿಬ್ಬರು ಕಬ್ಬಿಣಕ್ಕೆ ಜಗಳವಾಡುತ್ತಿರುವಾಗ ಎದ್ದು ಶೆಡ್ಡಿಗೆ ಒಂದು ಸುತ್ತು ಹಾಕಿದೆ. ಬಾಯ್ಲರಿನ ಎದುರು ನಿಂತು ಗ್ಲಾಸು ನೋಡಿದೆ.

"ಹುಕ್ರಪ್ಪಣ್ಣ, ನಿಮ್ಮ ಗ್ಲಾಸು ಮೇಲಿನ ತನಕ ತುಂಬಿದೆ ನೋಡಿ. ಗೆರೆಯೇ ಕಾಣುದಿಲ್ಲ."

ಅವರ ಕೈಯಲ್ಲಿದ್ದ ಮಂಜೊಟ್ಟಿ ಕೆಳಗೆ ಬಿತ್ತು.

"ಮೂರು ಹತ್ತರ ಬಸ್ಸು ಹೋಯ್ತಾ?"

ನಾನು ಫೋನು ನೋಡಿದೆ. ಮೂರೂ ಮುಕ್ಕಾಲು. ಯಾವ ಹಾರ್ನೂ ಕೇಳಿದ ನೆನಪಾಗಲಿಲ್ಲ.

ಅದು ತುಂಬಿದ ಗ್ಲಾಸಲ್ಲ, ಖಾಲಿ ಗ್ಲಾಸು. ಪೂರ್ತಿ ತುಂಬಿದ್ದೂ ಪೂರ್ತಿ ಖಾಲಿಯಾದದ್ದೂ ನೋಡಲು ಒಂದೇ ಹಾಗೆ ಇರುತ್ತದೆ ಎಂದು ನನಗೆ ಆಮೇಲೆ ಗೊತ್ತಾದದ್ದು. ಆಗ ನನ್ನ ತಲೆಗೆ ಹೊಳೆದದ್ದು ಒಂದೇ, ನೀರಿಲ್ಲದಿದ್ದರೆ ನೀರು ಹಾಕಬೇಕು. ವಾಲ್ವಿಗೆ ಕೈ ಹಾಕಿದೆ.

"ಮುಟ್ಟಬೇಡ!"

ಅವರು ನನ್ನ ಕೈಯನ್ನು ಎಷ್ಟು ಜೋರಾಗಿ ಎಳೆದರೆಂದರೆ ಬಳೆ ಒಡೆಯಿತು. "ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಇಡೀ ಶೆಡ್ಡು ಹಾರ್ತದೆ. ಸಣ್ಣಕ್ಕನನ್ನು ಹೊರಗೆ ಕರ್ಕೊಂಡು ಹೋಗು. ಓಡು!"

ನಾವು ಅಂಗಳದ ಆಚೆ ಬದಿಗೆ ಓಡಿದೆವು. ಅಲ್ಲಿಂದ ಕಾಣುತ್ತಿತ್ತು: ಹುಕ್ರಪ್ಪಣ್ಣ ಉದ್ದ ಕೋಲಿನ, ಗುದ್ದಲಿಯಂಥ ಹಾರೆಯಿಂದ ಉರಿಯುವ ಉಮಿಯನ್ನು ಒಲೆಯಿಂದ ನೆಲಕ್ಕೆ ಎಳೆಯುತ್ತಿದ್ದರು. ಎಳೆದರು, ಮತ್ತೆ ಎಳೆದರು. ಕಾಲಿನ ಸುತ್ತ ಕೆಂಡ. ಲುಂಗಿಯ ಅಂಚು ಹೊಗೆಯಾಡುತ್ತಿತ್ತು. ಒಲೆಯ ಬಾಯಿ ಕಪ್ಪಾದ ಮೇಲೆ ಒಂದು ಕೊಡ ನೀರನ್ನು ನೆಲದ ಕೆಂಡದ ಮೇಲೆ ಸುರಿದರು. ಬಾಯ್ಲರಿಗೆ ಒಂದು ಹನಿಯೂ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವು ಹತ್ತಿರ ಹೋಗಿ ನೋಡುವಾಗ ಮುಳ್ಳು ಮೆಲ್ಲನೆ ಕೆಳಗಿಳಿಯುತ್ತಿತ್ತು.

ಹಬೆ ನಿಂತದ್ದರಿಂದ ಎರಡು ಟ್ಯಾಂಕಿ ಭತ್ತ ಅರೆಬೆಂದು ಉಳಿಯಿತು. ಅದನ್ನು ಇನ್ನು ಮಿಲ್ಲಿಗೆ ಹಾಕಿದರೆ ಅರ್ಧಕ್ಕರ್ಧ ನುಚ್ಚು.

ಲೋಕನಾಥಣ್ಣ ಆಫೀಸಿನಿಂದ ಬಂದರು. "ಎಂತಾಯ್ತು? ಬೆಂಕಿ ಯಾಕೆ ತೆಗೆದದ್ದು?"

ಹುಕ್ರಪ್ಪಣ್ಣ ನೆಲದ ಕೆಂಡ ಕೆದಕಿದರು. ಸಾತ್ವಿಕಾ, "ನೀರಿನ ಪಂಪಿನ ಬೆಲ್ಟ್ ಜಾರಿತು ಅಪ್ಪ," ಎಂದಳು. ಅವಳು ಸುಳ್ಳು ಹೇಳುವಾಗ ಮೂಗು ಉಜ್ಜುತ್ತಾಳೆ. ಲೋಕನಾಥಣ್ಣ ಅವಳ ಮೂಗನ್ನು ನೋಡಿದರು, ಹುಕ್ರಪ್ಪಣ್ಣನನ್ನು ನೋಡಿದರು, ಒಳಗೆ ಹೋದರು.

ನಾವು ಹೊರಡುವಾಗ ಹುಕ್ರಪ್ಪಣ್ಣ ಗೇಟಿನ ತನಕ ಬಂದರು.

"ಮಗಳೇ, ಇದನ್ನು ನಿನ್ನ ಆಟದಲ್ಲಿ ಹಾಕ್ಬೇಡ. ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಸಲವೂ ಬೆಂಕಿ ಎಳೆದವನಲ್ಲ. ನಾಳೆ ಯಾರಾದ್ರೂ ಕೇಳಿದ್ರೆ, ಹುಕ್ರಪ್ಪ ಆಟ ಆಡ್ತಾ ಗ್ಲಾಸು ಬಿಟ್ಟ ಅಂತ ಆಗ್ತದೆ."

"ಹಾಕುದಿಲ್ಲ," ಎಂದೆ. ಇದನ್ನೂ ಬೇಗನೇ ಹೇಳಿದೆ.

ಮನೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಯಾಕೂಬಾಕನನ್ನು ಕೇಳಿದೆ, ಮೂರು ಹತ್ತರದ್ದು ಎಲ್ಲಿಗೆ ಹೋಯಿತು ಎಂದು.

"ಅದಾ? ಒಂದು ನಿಶ್ಚಿತಾರ್ಥಕ್ಕೆ ಹೋಗಿದೆ. ಹೋಗುದು ಬರುದು ಎರಡೂ ಟ್ರಿಪ್ ಕಟ್. ಯಾಕೆ, ನೀನು ಕಾದು ನಿಂತಿದ್ದೆಯಾ?"

"ನಾನಲ್ಲ, ಒಂದು ಬಾಯ್ಲರ್ ಕಾದು ನಿಂತಿತ್ತು."

"ಟಿಕೆಟ್ ತೆಗಿ," ಎಂದರು ಯಾಕೂಬಾಕ.

ನಾನು ಸೀಟಿನಲ್ಲಿ ಕುಳಿತು ಫೋನು ತೆಗೆದೆ. ಬೇಡ ಬೇಡವೆಂದರೂ ಬೆರಳು ನಿಲ್ಲಲಿಲ್ಲ. "ಪ್ರತಿ ಪಟ್ಟಣಕ್ಕೂ ಒಂದು ನೀರಿನ ಗ್ಲಾಸು. ಅದು ಮುಚ್ಚಿರುತ್ತದೆ. ಬೆಂಕಿ ಹೆಚ್ಚಿದ್ದಷ್ಟೂ ನೀರು ಬೇಗ ಇಳಿಯುತ್ತದೆ. ನೋಡಬೇಕಾದರೆ ಒಂದು ಟರ್ನ್ ಬಿಡಬೇಕು. ನೋಡದೆ ಖಾಲಿ ಬಾಯ್ಲರಿಗೆ ನೀರು ಹಾಕಿದರೆ ಪಟ್ಟಣ ಹಾರಿಹೋಗುತ್ತದೆ. ಬೆಂಕಿ ಎಳೆದರೆ ಪಟ್ಟಣ ಉಳಿಯುತ್ತದೆ, ಆದರೆ ಆಡುವವನು ಸೋತ."

ಬರೆದು ಓದಿದೆ. ಎಲ್ಲವೂ ಅಲ್ಲಿತ್ತು. ಅತಿ ಹೆಚ್ಚು ಬೆಂಕಿ ಇರುವ ಬಂಟ್ವಾಳವೇ ಅತಿ ಹೆಚ್ಚು ಸಲ ಗ್ಲಾಸು ನೋಡಬೇಕು. ನೀರಿದ್ದ ಮೂಡುಬಿದಿರೆಗೆ ಒಮ್ಮೆಗೇ ಬೆಲೆ ಬಂತು. ಇಂಥದ್ದೊಂದು ನಿಯಮಕ್ಕಾಗಿಯೇ ನಾವು ಎರಡು ತಿಂಗಳು ಒದ್ದಾಡಿದ್ದು.

ಅಳಿಸಿದೆ. ಬಂಟ್ವಾಳ ಪೇಟೆ ಬರುವಾಗ ಮತ್ತೆ ಬರೆದೆ. ಇಳಿಯುವ ಮೊದಲು ಮತ್ತೆ ಅಳಿಸಿದೆ.

ಗುರುವಾರ ಕಾಲೇಜಿನಲ್ಲಿ ಸಾತ್ವಿಕಾ ನನ್ನ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ಕೊನೆಗೆ, "ಅಪ್ಪ ಬೆಳಗ್ಗೆ ಪಂಪಿನ ಬೆಲ್ಟನ್ನು ಎರಡು ಸಲ ಮುಟ್ಟಿ ನೋಡಿದ್ರು. ಏನೂ ಕೇಳ್ಲಿಲ್ಲ. ಕೇಳದಿದ್ದದ್ದೇ ಹೆದರಿಕೆ," ಎಂದಳು.

"ನಾಳೆಗೆ ಎಂತ ಮಾಡುವ?"

"ಲೈಬ್ರರಿ ಮಾಡುವ."

ಸಂಜೆ ಮನೆಯಲ್ಲಿ ನಾನು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಬಾವಿಕಟ್ಟೆಗೆ ನಡೆಯುತ್ತಲೇ ಇದ್ದೆ. ಉಮ್ಮ ಮೈಮೂನಮ್ಮ ಮೀನು ಕೊಯ್ಯುತ್ತಿದ್ದವರು ಕತ್ತಿ ಕೆಳಗಿಟ್ಟರು.

"ನಿನ್ನನ್ನು ನೋಡಿ ನನಗೆ ತಲೆ ತಿರುಗ್ತದೆ. ಎಂತ ಆಟ ಅದು, ಇಲ್ಲಿ ತಾ. ನಾನು ಆಡ್ತೇನೆ."

ಮೀನು ತೊಳೆದಿಟ್ಟು ಬಂದ ಅವರಿಗೆ ಲೋಕದ ಕಥೆ ಹೇಳಿದೆ. ಧೂಮಕೇತು, ಬೂದಿ, ಹಬೆ. ಅವರು ಮುಖ ಗಂಟು ಹಾಕಿ ಕೇಳಿದರು.

"ಪೆಟ್ರೋಲೇ ಇಲ್ಲದಿದ್ರೆ ನಿನ್ನ ಬಾಪ ದಮಾಮಿನಲ್ಲಿ ಎಂತ ಮಾಡುದು?"

"ದಮಾಮ್ ಇಲ್ಲ ಉಮ್ಮ, ಮುಳುಗಿದೆ."

"ಅಲ್ಲಾಹ್! ಮತ್ತೆ ಬಾಪ?"

"ಬಾಪ ನರಿಕೊಂಬು ಬಂದರಲ್ಲಿ ಹಬೆಯ ಕ್ರೇನ್ ನಡೆಸ್ತಾರೆ. ಸಂಜೆ ಚಾಕ್ಕೆ ಮನೆಗೆ ಬರ್ತಾರೆ."

ಉಮ್ಮ ನೀಲಿ ಬಟನುಗಳನ್ನು ಸ್ವಲ್ಪ ಹೊತ್ತು ಬೆರಳಿನಲ್ಲಿ ಸರಿಸುತ್ತಿದ್ದರು. "ಹಾಗಾದ್ರೆ ನನ್ನನ್ನು ಬಂಟ್ವಾಳಕ್ಕೇ ಹಾಕು," ಎಂದರು.

ಇಪ್ಪತ್ತು ನಿಮಿಷದಲ್ಲಿ ಗೆದ್ದರು. ಒಂದು ನಿಯಮವೂ ಅವರಿಗೆ ಅರ್ಥವಾಗಿರಲಿಲ್ಲ. "ಭಾರಿ ಸುಲಭ ಉಂಟು," ಎಂದು ಮೀನಿನ ಹತ್ತಿರ ಹೋದರು.

ಸುಮ್ಮನೆ ಆಡಿದರೂ ಬಂಟ್ವಾಳ ಗೆಲ್ಲುತ್ತದೆ. ನಾಳೆ ಮೇಡಂ ಕೈಯಲ್ಲಿಯೂ ಹೀಗೆಯೇ ಗೆಲ್ಲುತ್ತದೆ, ನಾವು ಲೈಬ್ರರಿ ಮಾಡುತ್ತೇವೆ. ಆ ಒಂದು ನಿಯಮ ಹಾಕಿದರೆ ಆಟ ಉಳಿಯುತ್ತದೆ, ಆದರೆ ಅದು ನನ್ನದಲ್ಲ. ಅದು ಹುಕ್ರಪ್ಪಣ್ಣ ಮುಚ್ಚಿಡಬೇಕೆಂದು ಕೇಳಿಕೊಂಡದ್ದು. ಕೇಳಿಯೇ ಹಾಕಬೇಕು, ಇಲ್ಲ ಹಾಕಲೇಬಾರದು.

ಶುಕ್ರವಾರ ಮೊದಲ ಬಸ್ಸಿಗೆ ನಾನು ಪುಂಜಾಲಕಟ್ಟೆಗೆ ಹೋದೆ. ಶೆಡ್ಡಿನಲ್ಲಿ ಬೆಂಕಿ ಹೊತ್ತಿತ್ತು. ಬಾಯ್ಲರಿನ ಎದುರು ಗೋಡೆಯಲ್ಲಿ ಒಂದು ಹೊಸ ಗಡಿಯಾರ ಇತ್ತು.

"ಧನಿಗಳು ನೇತು ಹಾಕಿದ್ದು," ಎಂದರು ಹುಕ್ರಪ್ಪಣ್ಣ. "ನಿನ್ನೆ ಸಂಜೆ ನಾನೇ ಹೋಗಿ ಹೇಳಿದೆ. ಸಣ್ಣಕ್ಕ ನನ್ನಿಂದಾಗಿ ಸುಳ್ಳು ಹೇಳಿದ್ದು ನನಗೆ ಸರಿ ಕಾಣ್ಲಿಲ್ಲ."

"ಬೈದ್ರಾ?"

"ಬೈದ್ರೆ ಆಗ್ತಿತ್ತು. 'ಇನ್ನು ಮುಂದೆ ಬಸ್ಸು ನಿಶ್ಚಿತಾರ್ಥಕ್ಕೆ ಹೋಗುದಾದ್ರೆ ಕಾಗದ ನಮಗೂ ಒಂದು ಬರ್ಲಿ ಹುಕ್ರಪ್ಪ' ಅಂದ್ರು. ನಿನ್ನೆಯಿಂದ ಮಿಲ್ಲಿನಲ್ಲಿ ಎಲ್ಲರಿಗೂ ಅದೇ ಮಾತು." ಅವರು ಒಲೆಗೆ ಒಂದು ಬುಟ್ಟಿ ಉಮಿ ಸುರಿದರು. "ನೀನು ಇಷ್ಟು ಬೆಳಗ್ಗೆ ಯಾಕೆ ಬಂದದ್ದು?"

ಬರುವಾಗ ಬಸ್ಸಿನಲ್ಲಿ ಪುನಃ ಫೋನಿನಲ್ಲಿ ಬರೆದದ್ದನ್ನು ಓದಿ ಹೇಳಿದೆ. ಮುಚ್ಚಿದ ಗ್ಲಾಸು, ಇಳಿಯುವ ನೀರು, ಬಿಟ್ಟುಕೊಡುವ ಟರ್ನ್. ಅವರು ತಲೆ ಅಲ್ಲಾಡಿಸುತ್ತ ಕೇಳಿದರು. ಕೊನೆಯ ಸಾಲಿಗೆ ಬರುವಾಗ ಕೈ ಎತ್ತಿ ನಿಲ್ಲಿಸಿದರು.

"ಬೆಂಕಿ ಎಳೆದವ ಸೋತ ಅಂತ ಯಾರು ಹೇಳಿದ್ದು?"

"ಆಟ ನಿಲ್ತದಲ್ಲ, ಅದಕ್ಕೆ..."

"ಎಲ್ಲಿ ನಿಂತದ್ದು? ಈಗ ಇದು ಎಂತ ಉರೀತಾ ಇರುದು? ಎರಡು ಟ್ಯಾಂಕಿ ಭತ್ತ ಹೋಯ್ತು, ಹೌದು. ಮನೆಗೆ ಹೋಗಿ ನಾನು ಊಟ ಮಾಡ್ಲಿಲ್ಲ, ಹೌದು. ನಿನ್ನೆ ಬಾಯ್ಲರ್ ನೋಡುವ ಇನ್ಸ್‌ಪೆಕ್ಟ್ರು ಬಂದು ಇಡೀ ಪರೀಕ್ಷೆ ಮಾಡಿದ್ರು, ಇವತ್ತು ಪುನಃ ಹೊತ್ತಿಸಿದ್ದೇನೆ. ನೀನು ಹಾಕುದಾದ್ರೆ ಸರಿಯಾಗಿ ಹಾಕು ಮಗಳೇ. ಎಳೆದವ ನಷ್ಟ ಮಾಡ್ಕೊಂಡ. ಸೋತದ್ದಲ್ಲ."

"ಹಾಗಾದ್ರೆ ಹಾಕಬಹುದಾ?"

"ಇನ್ನು ಮುಚ್ಚಿಡ್ಲಿಕ್ಕೆ ಎಂತ ಉಂಟು? ಹಾಕು."

ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಆ ಸಾಲನ್ನು ಬದಲಾಯಿಸಿದೆ. ಬೆಂಕಿ ಎಳೆದರೆ ಇದ್ದ ಉಮಿಯೆಲ್ಲ ಹೋಗುತ್ತದೆ, ಮೂರು ಟರ್ನ್ ಸುಮ್ಮನೆ ಕೂರಬೇಕು. ನಾಲ್ಕನೆಯದರಲ್ಲಿ ಪುನಃ ಹೊತ್ತಿಸಬಹುದು. ಸಾತ್ವಿಕಾಳಿಗೆ ಕಳಿಸಿದೆ. ಅವಳ ಉತ್ತರ ಒಂದೇ ಸಾಲು: "ಅಪ್ಪ ಇವತ್ತು ನಕ್ಕರು."

ಮೂರನೇ ಪೀರಿಯಡಿಗೆ ಶಶಿಪ್ರಭಾ ಮೇಡಂ ಬಂದು ಬಂಟ್ವಾಳದ ಎದುರು ಕುಳಿತರು. ಫಾರ್ಮನ್ನು ಪಕ್ಕದಲ್ಲಿಟ್ಟು ಹೊಸ ನಿಯಮ ಕೇಳಿಸಿಕೊಂಡರು. ಬೆಳ್ತಂಗಡಿ ಸಾತ್ವಿಕಾಳಿಗೆ. ಮೂಡುಬಿದಿರೆಗೆ ಜನವಿರಲಿಲ್ಲ. ಹಾಜರಿ ಪುಸ್ತಕ ಕೊಡಲು ಬಂದ ಅಟೆಂಡರ್ ಸಂಕಪ್ಪಣ್ಣನನ್ನು ಮೇಡಂ ಕುಳಿತುಕೊಳ್ಳಲು ಹೇಳಿದರು. ನಾನು ಕಾಗದದಲ್ಲಿ ಗೆರೆ ಹಾಕಿದ ಮೂರೂ ಗ್ಲಾಸುಗಳನ್ನು ಕೈಯ ಹಿಂದೆ ಮುಚ್ಚಿಟ್ಟುಕೊಂಡು ನೀರು ಇಳಿಸುವವಳು.

ಮೇಡಂ ಹೇಳಿದ ಹಾಗೆಯೇ ಆಡಿದರು. ಯೋಚನೆ ಇಲ್ಲ. ಉಮಿ, ಬೆಂಕಿ, ಗೋಪುರ. ಉಮಿ, ಬೆಂಕಿ, ಗೋಪುರ. ಆರು ಗೋಪುರ ಆಯಿತು. ಸಂಕಪ್ಪಣ್ಣ ಪ್ರತಿ ಎರಡು ಟರ್ನಿಗೊಮ್ಮೆ "ನನ್ನ ನೀರು ತೋರಿಸಿ" ಎಂದು ಕೇಳಿ ಐದರಲ್ಲೇ ಇದ್ದರು. ಏಳು ಗೋಪುರ. ಮೇಡಂ ಒಂದೇ ಒಂದು ಸಲವೂ ಗ್ಲಾಸು ಕೇಳಿರಲಿಲ್ಲ. ನನ್ನ ಕೈಯ ಹಿಂದೆ ಅವರ ಗ್ಲಾಸಿನಲ್ಲಿ ಒಂದೂ ನೀಲಿ ಬಟನ್ ಇರಲಿಲ್ಲ.

ಅವರು ನೀರಿನ ಬಟನ್ ಎತ್ತಿಕೊಂಡರು. ಹಾಕಿದರೆ ಬಂಟ್ವಾಳ ಹಾರುತ್ತದೆ, ನಮಗೆ ಸೈನ್ ಸಿಗುತ್ತದೆ. ಆದರೆ ನನ್ನ ಕಾಲು ಸುಮ್ಮನಿರಲಿಲ್ಲ. ಇಡೀ ಮೇಜು ಅಲ್ಲಾಡುತ್ತಿತ್ತು.

ಮೇಡಂ ಮೇಜನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ನೋಡಿದರು. ಬಟನ್ ಕೆಳಗಿಟ್ಟರು.

"ಗ್ಲಾಸ್ ತೋರಿಸಿ."

ಕೈ ತೆಗೆದೆ. ಅವರು ಬಹಳ ಹೊತ್ತು ಆ ಖಾಲಿ ಗೆರೆಗಳನ್ನು ನೋಡಿದರು.

"ಛೆ. ಬೆಂಕಿ ಎಳೀತೇನೆ." ತಮ್ಮ ಮಂಜೊಟ್ಟಿಗಳನ್ನೆಲ್ಲ ಎರಡೂ ಕೈಯಿಂದ ಬೋರ್ಡಿನ ಹೊರಗೆ ತಳ್ಳಿದರು.

ಮೂರು ಟರ್ನ್ ಅವರು ಕೈಕಟ್ಟಿ ಕುಳಿತರು. ಸಾತ್ವಿಕಾ ಆರಕ್ಕೆ ಬಂದಳು. ಸಂಕಪ್ಪಣ್ಣ ಏಳಕ್ಕೆ ಬಂದರು. "ಕ್ಷಮಿಸಿ ಮೇಡಂ," ಎಂದು ಎಂಟನೆಯದನ್ನೂ ಕಟ್ಟಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಅದನ್ನು ಹೊಡೆಯಬೇಕಾದವರು ಸಂಕಪ್ಪಣ್ಣನೇ. ಬೇರೆ ಯಾರೋ ಹೊಡೆದಿದ್ದರು.

ನಾವು ಏಳಲು ಹೊರಟೆವು.

"ಎಲ್ಲಿಗೆ? ಕೂತ್ಕೊಳ್ಳಿ. ಈಗ ನನ್ನ ಟರ್ನ್." ಮೇಡಂ ಉಮಿ ಇಡಲು ಜಾಗ ಹುಡುಕಿದರು. ಫಾರ್ಮು ಅಡ್ಡ ಬರುತ್ತಿತ್ತು. ಅದನ್ನೆತ್ತಿ, ಸೈನ್ ಹಾಕಿ, ನನ್ನ ಮಡಿಲಿಗೆ ಎಸೆದರು. "ಇದನ್ನು ಆಚೆ ಇಡಿ. ಜಾಗ ತಿನ್ನುತ್ತದೆ."

"ಮೇಡಂ, ಆಟ ಇನ್ನೂ ಮುಗೀಲಿಲ್ಲ," ಎಂದಳು ಸಾತ್ವಿಕಾ. ನಾನು ಅವಳ ಕಾಲು ತುಳಿದೆ.

"ಗೊತ್ತುಂಟು. ನಾನು ಗೆಲ್ಲಬಹುದು, ಸೋಲಬಹುದು. ಆದ್ರೆ ಸುಮ್ಮನೆ ಗೆಲ್ಲಲಿಕ್ಕಾಗುದಿಲ್ಲ ಅಂತಾಯ್ತಲ್ಲ. ಸಂಕಪ್ಪ, ನಿಮ್ಮ ಕೈ ತೆಗೀರಿ, ಅದು ನನ್ನ ಕಬ್ಬಿಣ."

ನನಗೆ ಕುಳಿತಿರಲು ಆಗಲಿಲ್ಲ. ಗ್ಲಾಸುಗಳನ್ನು ಸಾತ್ವಿಕಾಳ ಕೈಗೆ ಕೊಟ್ಟು ವರಾಂಡಕ್ಕೆ ಓಡಿ ಮಿಲ್ಲಿನ ಫೋನಿಗೆ ಕಾಲ್ ಮಾಡಿದೆ. ಲೋಕನಾಥಣ್ಣ ಎತ್ತಿ, ಹಿಂದಿನ ಶೆಡ್ಡಿನ ಕಡೆಗೆ ಕೂಗಿ ಕರೆದರು. ಬಹಳ ಹೊತ್ತಿನ ಮೇಲೆ ಹುಕ್ರಪ್ಪಣ್ಣನ ಸ್ವರ ಬಂತು.

"ಎಂತ ಮಗಳೇ?"

"ಮೇಡಂ ಬೆಂಕಿ ಎಳೆದ್ರು!"

"ಬಂಟ್ವಾಳದ್ದಾ?"

"ಹೌದು."

"ಸೋತ್ರಾ?"

"ಇಲ್ಲ. ಇನ್ನೂ ಆಡ್ತಾ ಇದ್ದಾರೆ. ಬೆಲ್ ಆದ್ರೂ ಏಳ್ತಾ ಇಲ್ಲ."

ಅಷ್ಟರಲ್ಲಿ ಆ ಕಡೆ ಒಂದು ಉದ್ದ ಹಾರ್ನ್, ಫೋನಿನಲ್ಲಿಯೂ ಕಿವಿ ತೂತಾಗುವಷ್ಟು ಜೋರಾಗಿ.

"ಇಡ್ತೇನೆ ಮಗಳೇ. ಬಸ್ಸು ಹೋಯ್ತು."

"ಈಗ ಗಡಿಯಾರ ಉಂಟಲ್ಲ ಹುಕ್ರಪ್ಪಣ್ಣ?"

"ಅದನ್ನೂ ನೋಡ್ತೇನೆ," ಎಂದು ಅವರು ಫೋನಿಟ್ಟರು.